ಅಣ್ಣನ ಕಾಲಿನ ಅಳತೆ

ಆಸ್ಪತ್ರೆಯ ಹಿಂಭಾಗದಲ್ಲಿ, ಬಟ್ಟೆ ಒಗೆಯುವ ಕೋಣೆಗೂ ಕಲ್ಲಿದ್ದಲು ಸುರಿಯುವ ಅಂಗಳಕ್ಕೂ ನಡುವೆ, ಉದ್ದವಾದ ಒಂದು ಕೊಠಡಿಯಿತ್ತು. ಮೊದಲು ಅಲ್ಲಿ ಮುರಿದ ಮಂಚಗಳನ್ನು ಪೇರಿಸಿಡುತ್ತಿದ್ದರು. ಯುದ್ಧ ಶುರುವಾದ ಮೂರನೆಯ ತಿಂಗಳಿಗೆ ಆ ಮಂಚಗಳೆಲ್ಲ ರಿಪೇರಿಯಾಗಿ ವಾರ್ಡುಗಳಿಗೆ ಹೋದವು. ಖಾಲಿಯಾದ ಕೊಠಡಿಗೆ ಮರಗೆಲಸದ ಎರಡು ಮೇಜು, ಒಂದು ಹೊಲಿಗೆ ಯಂತ್ರ, ಒಂದು ನೀರಿನ ತೊಟ್ಟಿ ಬಂದವು. ಬಾಗಿಲಿಗೆ ‘ಕೃತಕ ಕಾಲು ವಿಭಾಗ’ ಎಂದು ಬೋರ್ಡು ತಗುಲಿಸಿದರು. ಆದರೆ ಎಲ್ಲರ ಬಾಯಲ್ಲೂ ಅದು ಕಾಲುಮನೆ. ಅಲ್ಲಿ ಮರ ಕೆತ್ತುತ್ತಿದ್ದವನು ಕಾಲಿನ ಬಡಗಿ.

ಅವನಿಗೆ ಆಗ ಇಪ್ಪತ್ತಾರು ವರ್ಷ. ತೆಳ್ಳನೆಯ ಉದ್ದನೆಯ ಆಳು, ಮಾತು ಕಡಿಮೆ. ಕುರ್ಚಿ, ಕಪಾಟು, ಚರ್ಚಿನ ಬೆಂಚು ಮಾಡುವ ಮನೆಯಲ್ಲಿ ಹುಟ್ಟಿದವನು ಕಾಲು ಮಾಡಲು ಬಂದದ್ದು ತಾನಾಗಿ ಆರಿಸಿಕೊಂಡಲ್ಲ. ಬಂದೂಕು ಹಿಡಿಯುವುದಿಲ್ಲ ಎಂದದ್ದಕ್ಕೆ ಸರ್ಕಾರ ಅವನಿಗೆ ಕೊಟ್ಟ ಬದಲಿ ಕೆಲಸ ಅದು.

ಸೈನ್ಯಕ್ಕೆ ಕರೆಯುವ ಕಾಗದಗಳು ಆ ಮನೆಗೆ ಒಂದೇ ದಿನ ಎರಡು ಬಂದಿದ್ದವು, ಒಂದು ಅಣ್ಣನಿಗೆ, ಒಂದು ಇವನಿಗೆ. ಅಪ್ಪ ತೀರಿಕೊಂಡು ನಾಲ್ಕು ವರ್ಷವಾಗಿತ್ತು. ಅಣ್ಣತಮ್ಮಂದಿರಿಬ್ಬರೂ ಅಪ್ಪನ ಅಂಗಡಿಯಲ್ಲಿ ಎದುರುಬದುರು ಮೇಜುಗಳಲ್ಲಿ ನಿಂತು ಕೆಲಸ ಮಾಡುತ್ತಿದ್ದರು. ಅಣ್ಣ ಕಾಗದವನ್ನು ಓದಿ, ಮಡಚಿ, ಕಿವಿಯ ಮೇಲಿನ ಪೆನ್ಸಿಲನ್ನು ತೆಗೆದು ಮೇಜಿನ ಮೇಲಿಟ್ಟ. ಅಷ್ಟರಲ್ಲಿಯೇ ಅವನು ತೀರ್ಮಾನ ಮಾಡಿಯಾಗಿತ್ತು. ತಮ್ಮ ತನ್ನ ಕಾಗದವನ್ನು ಮೂರು ದಿನ ಜೇಬಿನಲ್ಲಿಟ್ಟುಕೊಂಡು ಓಡಾಡಿದ. ಮೂರನೆಯ ದಿನ ಊಟಕ್ಕೆ ಕುಳಿತಾಗ, ತಾನು ಯಾರನ್ನೂ ಕೊಲ್ಲಲಾರೆ, ಕೊಲ್ಲುವುದನ್ನು ಕಲಿಯಲೂ ಆರೆ ಎಂದು ಹೇಳಿದ. ಕ್ರಿಸ್ತನು ತನ್ನನ್ನು ಹಿಡಿಯಲು ಬಂದವರ ಎದುರಿಗೇ ಶಿಷ್ಯನ ಕತ್ತಿಯನ್ನು ಒರೆಗೆ ಹಾಕಿಸಿದ ಮೇಲೆ, ಅದನ್ನು ಮತ್ತೆ ಹಿರಿಯುವ ಅಧಿಕಾರ ತನಗೆಲ್ಲಿಂದ ಬಂತು ಎಂಬುದು ಅವನ ವಾದ.

ಅಮ್ಮ ಬಡಿಸುವ ಸೌಟನ್ನು ಪಾತ್ರೆಯಲ್ಲೇ ಬಿಟ್ಟು ಕುಳಿತುಬಿಟ್ಟರು. ಅಣ್ಣನ ಹೆಂಡತಿ ಗಂಡನ ಮುಖ ನೋಡಿದಳು. ಅಣ್ಣ ಕೂಗಾಡಲಿಲ್ಲ. ನದಿಯ ಮೇಲಿನ ಸೇತುವೆಯನ್ನು ಶತ್ರು ದಾಟಿದರೆ ಮೊದಲು ಸಿಗುವುದು ನಮ್ಮ ಬೀದಿ, ಅಲ್ಲಿ ಯಾರಾದರೂ ನಿಲ್ಲಲೇಬೇಕು, ನಿಂತವನು ಕ್ರಿಸ್ತನನ್ನು ಬಿಟ್ಟವನೇನೂ ಅಲ್ಲ ಎಂದು ಸಮಾಧಾನವಾಗಿಯೇ ಹೇಳಿದ. ಪರರಿಗಾಗಿ ಪ್ರಾಣ ಕೊಡುವುದೂ ಆತನೇ ಕಲಿಸಿದ್ದಲ್ಲವೇ ಎಂದು ಕೇಳಿದ. ತಮ್ಮನ ಮನಸ್ಸು ಬದಲಾಗಲಿಲ್ಲ. ಕೈ ತೊಳೆದುಕೊಂಡು ಎದ್ದಾಗ ಮಾತ್ರ ಅಣ್ಣ ಒಂದು ಮಾತು ಅಂದ.

“ಆಯ್ತು ಬಿಡು. ನಿನ್ನ ಕೈ ಬೆಳ್ಳಗಿರಲಿ. ಇಬ್ಬರ ಪಾಲಿನ ಕೆಸರನ್ನೂ ನಾನೇ ಮೆತ್ಕೊಂಡು ಬರ್ತೀನಿ.”

ವಿಚಾರಣೆಯ ದಿನ ಮೂವರು ಅಧಿಕಾರಿಗಳು ಕುಳಿತಿದ್ದರು. ಇಂಥವರಿಗೆಲ್ಲ ಕೇಳುವ ಪ್ರಶ್ನೆಯನ್ನೇ ಇವನಿಗೂ ಕೇಳಿದರು: ನಿನ್ನ ತಾಯಿಯ ಮೇಲೆ ಒಬ್ಬ ಕಳ್ಳ ಕೈಮಾಡಿದರೆ ಏನು ಮಾಡುತ್ತೀ? “ಅಡ್ಡ ನಿಲ್ತೀನಿ ಸ್ವಾಮಿ. ಆಮೇಲೆ ಏನು ಮಾಡ್ತೀನೋ ನನಗೇ ಗೊತ್ತಿಲ್ಲ. ಆದ್ರೆ ನೀವು ಕರೀತಿರೋದು ಕಳ್ಳನ್ನ ಹಿಡಿಯೋಕಲ್ಲ” ಎಂದ ಬಡಗಿ. ಮೂವರಲ್ಲಿ ಒಬ್ಬರು ನಕ್ಕರು. ಮತ್ತೊಬ್ಬರು ಸೆರೆಮನೆಯ ಫಾರಮನ್ನು ಹತ್ತಿರಕ್ಕೆ ಎಳೆದುಕೊಂಡರು.

ಅವನನ್ನು ಸೆರೆಮನೆಯಿಂದ ತಪ್ಪಿಸಿದ್ದು ಪಾದ್ರಿಗಳ ಒಂದು ಪತ್ರ. ಪಾದ್ರಿಗಳಾದರೋ ಯುದ್ಧದ ಪಕ್ಷದವರು. ನ್ಯಾಯವಾದ ಯುದ್ಧವೆಂಬುದೊಂದಿದೆ, ದುರ್ಬಲರನ್ನು ಕಾಯಲು ರಾಜ್ಯದ ಕೈಗೆ ದೇವರೇ ಖಡ್ಗ ಕೊಟ್ಟಿದ್ದಾನೆ ಎಂದು ಹಿಂದಿನ ಭಾನುವಾರವಷ್ಟೇ ಪ್ರಸಂಗ ಮಾಡಿದ್ದರು. ಬಡಗಿಯನ್ನು ಮನೆಗೆ ಕರೆಸಿ ಎರಡು ಗಂಟೆ ಬುದ್ಧಿ ಹೇಳಿಯೂ ನೋಡಿದ್ದರು. ಕೊನೆಗೆ ಬರೆದುಕೊಟ್ಟದ್ದು ನಾಲ್ಕೇ ಸಾಲು: ಈತನ ಅಭಿಪ್ರಾಯ ನನಗೆ ಒಪ್ಪಿಗೆಯಿಲ್ಲ. ಆದರೆ ಈತ ಹೆದರಿ ಹೀಗೆ ಹೇಳುತ್ತಿಲ್ಲ. ಚಿಕ್ಕಂದಿನಿಂದ ಬಲ್ಲೆ, ಸುಳ್ಳು ಹೇಳಲು ಬಾರದವನು. ಮರಗೆಲಸ ಬಲ್ಲ.

ಆ ಕೊನೆಯ ಸಾಲಿನಿಂದಲೇ ಅವನು ಕಾಲುಮನೆಗೆ ಬಂದ.

ಕಾಲುಮನೆಯ ಯಜಮಾನ ಅರವತ್ತು ದಾಟಿದ ಚರ್ಮದ ಕೆಲಸಗಾರ. ಕುದುರೆ ಜೀನು ಹೊಲಿದು ಕೈ ಪಳಗಿದವನು; ಈಗ ಮರದ ಕಾಲನ್ನು ತೊಡೆಗೆ ಬಿಗಿಯುವ ಪಟ್ಟಿಗಳನ್ನು ಹೊಲಿಯುತ್ತಿದ್ದ. ಎಲ್ಲರೂ ಅವನನ್ನು ಪಟ್ಟಿ ಮಾಮ ಎನ್ನುತ್ತಿದ್ದರು. ಚರ್ಚಿನ ಕಡೆ ತಲೆ ಹಾಕಿದವನಲ್ಲ. ಬಡಗಿಯ ಕಥೆಯನ್ನು ಕೇಳಿ, “ನನಗೆ ನಿನ್ನ ದೇವರ ವಿಷಯ ಬೇಡಪ್ಪ. ಉಳಿ ಹಿಡಿಯೋಕೆ ಬರುತ್ತೋ ಇಲ್ವೋ ಅಷ್ಟು ಹೇಳು” ಎಂದಿದ್ದ.

ಕೆಲಸ ಕಲಿಸಿದ್ದು ಅವನೇ. ಹಗುರವಾದ ಮರವನ್ನು ಆರಿಸುವುದು, ಒಳಗನ್ನು ತೋಡಿ ಟೊಳ್ಳು ಮಾಡುವುದು, ಹೊರಗನ್ನು ಮೀನಖಂಡದ ಆಕಾರಕ್ಕೆ ತರುವುದು, ಇವೆಲ್ಲ ಬಡಗಿಗೆ ಬೇಗ ಹತ್ತಿದವು. ಕಷ್ಟವಾದದ್ದು ಅಳತೆ. ಉಳಿದ ಮೋಟುಗಾಲು ಹೋಗಿ ಕೂರುವ ಭಾಗವನ್ನು ಅಲ್ಲಿ ಬಟ್ಟಲು ಎನ್ನುತ್ತಿದ್ದರು. ಬಟ್ಟಲು ಒಂದು ಎಳೆ ಹೆಚ್ಚುಕಡಿಮೆಯಾದರೂ ಕಾಲು ಕಚ್ಚುತ್ತದೆ. ಅದಕ್ಕಾಗಿ ಮೋಟುಗಾಲಿಗೆ ಪ್ಲಾಸ್ಟರಿನ ಒದ್ದೆ ಪಟ್ಟಿ ಸುತ್ತಿ, ಅಚ್ಚು ತೆಗೆಯಬೇಕು. ಪ್ಲಾಸ್ಟರು ಗಟ್ಟಿಯಾಗುವ ತನಕ ಬಡಗಿ ಆ ಕಾಲನ್ನು ಎರಡೂ ಅಂಗೈಗಳಲ್ಲಿ ಹಿಡಿದು, ಹೆಬ್ಬೆರಳುಗಳನ್ನು ಮಂಡಿಚಿಪ್ಪಿನ ಕೆಳಗೆ ಒತ್ತಿಕೊಂಡು, ಅಲುಗದೆ ಕೂರಬೇಕು. ಎದುರಿಗಿರುವವನೂ ಅಲುಗಬಾರದು. ಹತ್ತು ಹನ್ನೆರಡು ನಿಮಿಷ ಮಂಡಿಗೆ ಮಂಡಿ ತಾಗಿಸಿಕೊಂಡು ಕುಳಿತ ಇಬ್ಬರಿಗೆ ಒಬ್ಬರ ಮುಖ ಒಬ್ಬರು ನೋಡದೆ ಗತಿಯಿಲ್ಲ.

ಮೊದಮೊದಲು ಆ ಹತ್ತು ನಿಮಿಷ ಬಡಗಿಗೆ ಹತ್ತು ವರ್ಷದಂತಿತ್ತು. ಅವನು ಯಾರೆಂಬುದು ವಾರ್ಡುಗಳಿಗೆಲ್ಲ ತಿಳಿದಿತ್ತು. ಒಬ್ಬ ಸಿಪಾಯಿ ಪ್ಲಾಸ್ಟರು ಒಣಗುವ ತನಕವೂ “ಹೇಡಿ, ಹೇಡಿ” ಎಂದು ಮೆಲ್ಲಗೆ ಹೇಳುತ್ತಲೇ ಇದ್ದ, ಜಪದ ಹಾಗೆ. ಇನ್ನೊಬ್ಬ, “ನೀನು ಬಂದಿದ್ರೆ ಆ ಗುಂಡು ನಿನ್ನ ಕಾಲಿಗಾದ್ರೂ ಬೀಳ್ತಿತ್ತು, ನನ್ನದು ಉಳೀತಿತ್ತು” ಎಂದು ಲೆಕ್ಕ ಹೇಳಿದ. ಬಹಳ ಮಂದಿ ಮಾತ್ರ ಅದರ ಗೊಡವೆಗೆ ಹೋಗಲಿಲ್ಲ. ಕಾಲು ಸರಿಯಾಗಿ ಕೂತರೆ ಅವರಿಗೆ ಸಾಕಾಗಿತ್ತು. ಬಡಗಿ ಯಾರಿಗೂ ಎದುರಾಡಲಿಲ್ಲ. ಒಂದೂವರೆ ವರ್ಷದಲ್ಲಿ ನೂರಾ ನಲವತ್ತು ಕಾಲು ಮಾಡಿದ.

ಎರಡನೆಯ ವರ್ಷದ ಕೊನೆಗೆ ಅಣ್ಣ ಮನೆಗೆ ಬಂದ. ಬಲಗಾಲು ಮಂಡಿಯಿಂದ ಒಂದು ಗೇಣು ಕೆಳಗೆ ಇರಲಿಲ್ಲ. ಸೇತುವೆ ಉಳಿದಿತ್ತು. ಅವನ ಜೊತೆ ಅಲ್ಲಿ ನಿಂತಿದ್ದ ಹನ್ನೊಂದು ಮಂದಿಯಲ್ಲಿ ಉಳಿದವರು ಮೂವರು.

ಗಾಯ ಮಾಯ್ದ ಮೇಲೆ ವೈದ್ಯರು ಅಣ್ಣನನ್ನೂ ಅತ್ತಿಗೆಯನ್ನೂ ಕೂರಿಸಿಕೊಂಡು ಸ್ಪಷ್ಟವಾಗಿ ಹೇಳಿದರು: ಮೂರು ತಿಂಗಳೊಳಗೆ ಮರದ ಕಾಲು ಕಟ್ಟಿಕೊಂಡು ನಡೆಯಲು ಶುರುಮಾಡಬೇಕು. ಸುಮ್ಮನೆ ಕುಳಿತರೆ ಮಂಡಿ ಮಡಚಿದ ಹಾಗೆಯೇ ಬಿಗಿದುಕೊಳ್ಳುತ್ತದೆ. ಆಮೇಲೆ ಯಾವ ಕಾಲೂ ಕೂರುವುದಿಲ್ಲ, ಬದುಕಿರುವ ತನಕ ಊರುಗೋಲೇ ಗತಿ. ನಿಂತು ಕೆಲಸ ಮಾಡುವ ಬಡಗಿಗೆ ಊರುಗೋಲು ಎಂದರೆ ಕೈಯೂ ಹೋದಂತೆ. ಇದು ಅಣ್ಣನಿಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.

ಆದರೂ ಅವನು ಕಾಲುಮನೆಗೆ ಹೋಗಲೊಲ್ಲ. “ಅವನ ಕೈಯಲ್ಲಿ ನನ್ನ ಕಾಲು ಕೊಡಲ್ಲ” ಎಂದುಬಿಟ್ಟ. ಬೇರೆ ಕಾಲುಮನೆಯಿದ್ದದ್ದು ಎರಡು ದಿನದ ರೈಲು ದಾರಿಯಾಚೆ. ಆ ರೈಲೂ ಸೈನ್ಯಕ್ಕೆ ಮೀಸಲು. ಅಂಗಡಿಯ ಹಿಂದಿನ ಎರಡು ಕೋಣೆಯಲ್ಲಿ ಅಣ್ಣ, ಅತ್ತಿಗೆ, ಅಮ್ಮ. ಅಂಗಡಿಯ ಅಟ್ಟದ ಮೇಲೆ ತಮ್ಮ. ಒಂದೇ ಬಾಗಿಲಿನಲ್ಲಿ ಓಡಾಡುವ ಇಬ್ಬರೂ ಮಾತಿಲ್ಲದೆ ದಿನ ದೂಡಿದರು. ಉಪ್ಪು ಬೇಕಾದರೂ ಅಮ್ಮನ ಮೂಲಕವೇ. ಅಮ್ಮ ಒಂದು ದಿನ ರೇಗಿ, “ನನ್ನ ಬಾಯೇನು ಟಪಾಲು ಡಬ್ಬಿಯೇನ್ರೋ” ಎಂದು ಉಪ್ಪಿನ ಬಟ್ಟಲನ್ನು ಎತ್ತಿ ಒಳಗಿಟ್ಟುಬಿಟ್ಟರು. ಆ ಹೊತ್ತು ಇಬ್ಬರೂ ಸಪ್ಪೆಯನ್ನೇ ಉಂಡರು.

ಅವರ ಚರ್ಚಿನಲ್ಲಿ ಒಂದು ಪದ್ಧತಿಯಿತ್ತು. ಕರ್ತನ ಭೋಜನಕ್ಕೆ ಮುಂಚೆ ಪ್ರತಿಯೊಬ್ಬರೂ ಪಕ್ಕದವರ ಕೈ ಹಿಡಿದು ‘ಸಮಾಧಾನ’ ಎನ್ನಬೇಕು. ಯಾರ ಮೇಲಾದರೂ ಮನಸ್ಸಿನಲ್ಲಿ ಹಗೆ ಉಳಿದಿದ್ದರೆ ಆ ದಿನ ರೊಟ್ಟಿ ತೆಗೆದುಕೊಳ್ಳುವಂತಿಲ್ಲ. ಅಣ್ಣ ಊರಿಗೆ ಬಂದ ಮೇಲಿನ ಮೊದಲ ಭೋಜನದ ದಿನ ತಮ್ಮ ಬೆಂಚಿನ ಮೇಲೆ ಕೈಚಾಚಿದ. ಅಣ್ಣ ಎರಡೂ ಕೈಗಳನ್ನು ಊರುಗೋಲಿನ ಮೇಲೆ ಹಾಗೆಯೇ ಇಟ್ಟುಕೊಂಡ. ಪಾದ್ರಿಗಳು ತಟ್ಟೆ ಹಿಡಿದು ಬಂದಾಗ ಇಬ್ಬರೂ ತಲೆಯಾಡಿಸಿ ಬೇಡವೆಂದರು. ಸಭೆಯ ಲೆಕ್ಕದಲ್ಲಿ ಇದು ಸಣ್ಣ ಸಂಗತಿಯಲ್ಲ. ಬೆನ್ನ ಹಿಂದಿನ ಬೆಂಚುಗಳಲ್ಲಿ ಪಿಸುಮಾತು ಓಡಾಡಿತು. ಪ್ರಸಂಗವೇದಿಕೆಯ ಮೇಲೆ ಯುದ್ಧ ಶಾಂತಿಗಳ ಬಗ್ಗೆ ಗಂಟೆಗಟ್ಟಲೆ ಹೇಳಬಲ್ಲ ಪಾದ್ರಿಗಳಿಗೆ ಆ ಒಂದು ಬೆಂಚಿನ ವಿಷಯದಲ್ಲಿ ಏನು ಮಾಡಬೇಕೋ ತೋಚಲಿಲ್ಲ.

ಒಂದೂವರೆ ತಿಂಗಳು ಕಳೆಯಿತು. ಅಣ್ಣನ ಮಂಡಿ ಪೂರ್ತಿ ಚಾಚಲು ಬರದಂತಾಯಿತು. ಒಂದು ಮಧ್ಯಾಹ್ನ ಅತ್ತಿಗೆ ಹೊಲಿಗೆಯ ಟೇಪು ಹಿಡಿದುಕೊಂಡು ಕಾಲುಮನೆಗೆ ಬಂದಳು. ಗಂಡ ಮಲಗಿದ್ದಾಗ ಮೋಟುಗಾಲಿನ ಸುತ್ತಳತೆ, ಉದ್ದಳತೆಗಳನ್ನು ತೆಗೆದು ಚೀಟಿಯಲ್ಲಿ ಬರೆದಿದ್ದಳು.

“ಇಷ್ಟರಲ್ಲೇ ಮಾಡು. ಪಟ್ಟಿ ಮಾಮ ಮಾಡಿದ್ದು ಅಂತ ನಾನು ಹೇಳ್ತೀನಿ. ಸುಳ್ಳಿನ ಪಾಪ ನನಗಿರಲಿ” ಎಂದಳು.

ಬಡಗಿ ಚೀಟಿಯನ್ನು ನೋಡಿದ. ಟೇಪಿನ ಅಳತೆಯಲ್ಲಿ ಬಟ್ಟಲು ಮಾಡಲಾಗದೆಂದು ಅವನಿಗೆ ಗೊತ್ತು. ಆದರೆ ಅವನಿಗೊಂದು ಯೋಚನೆ ಹೊಳೆಯಿತು. ಚಿಕ್ಕಂದಿನಿಂದ ಅಮ್ಮ ಇಬ್ಬರಿಗೂ ಒಂದೇ ಅಳತೆಯಲ್ಲಿ ಬಟ್ಟೆ ಕತ್ತರಿಸುತ್ತಿದ್ದರು. ಒಂದೇ ಜೊತೆ ಬೂಟನ್ನು ಸರದಿಯ ಮೇಲೆ ಹಾಕಿಕೊಂಡು ಇಬ್ಬರೂ ಶಾಲೆಗೆ ಹೋಗಿದ್ದರು. ಕತ್ತಲಲ್ಲಿ ಅಣ್ಣನ ಪ್ಯಾಂಟು ಹಾಕಿಕೊಂಡರೂ ತಮ್ಮನಿಗೆ ಗೊತ್ತಾಗುತ್ತಿರಲಿಲ್ಲ. ಹಾಗಿದ್ದ ಮೇಲೆ ಅಣ್ಣನ ಅಚ್ಚನ್ನು ಬೇರೆಲ್ಲೋ ಹುಡುಕುವುದೇಕೆ? ಬಡಗಿ ತನ್ನ ಬಲಗಾಲಿನ ಪ್ಯಾಂಟು ಮೇಲಕ್ಕೆ ಸುರುಳಿ ಸುತ್ತಿದ. ಮಂಡಿಯಿಂದ ಹಿಮ್ಮಡಿಯವರೆಗೂ ಪ್ಲಾಸ್ಟರು ಸುತ್ತಿಕೊಂಡ.

ಪಟ್ಟಿ ಮಾಮ ಸೂಜಿಯನ್ನು ಬಾಯಲ್ಲಿ ಕಚ್ಚಿಕೊಂಡು ನೋಡುತ್ತಿದ್ದವನು, ಸೂಜಿ ತೆಗೆದು ಕೇಳಿದ: “ಏನೋ ಇದು, ಕಾಲು ಇಲ್ಲದವನಿಗೆ ಕಾಲು ಇರೋವನ ಅಳತೆಯೇ?”

“ನಮ್ಮಿಬ್ಬರದೂ ಒಂದೇ ಮಾಮ. ಅವನ ಕಾಲು ನನಗೆ ಗೊತ್ತು.”

“ಎರಡು ವರ್ಷದ ಹಿಂದಿನದು ಗೊತ್ತು” ಎಂದು ಪಟ್ಟಿ ಮಾಮ ಮತ್ತೆ ಸೂಜಿಯನ್ನು ಕಚ್ಚಿಕೊಂಡ.

ಬಡಗಿ ಅದನ್ನು ಕೇಳಿಸಿಕೊಳ್ಳಲಿಲ್ಲ. ನೂರಾ ನಲವತ್ತು ಮಂದಿಗೆ ಮಾಡಿದಾಗ ಅವನು ಇಂಥ ತಪ್ಪು ಮಾಡಿರಲಿಲ್ಲ. ಬೇರೆಯವರ ಕಾಲು ಅವನಿಗೆ ಗೊತ್ತಿಲ್ಲದ ಕಾಲು. ಆದ್ದರಿಂದ ಅಂಗೈಯಲ್ಲಿ ಹಿಡಿದು ಕೇಳಿ ತಿಳಿಯುತ್ತಿದ್ದ. ಅಣ್ಣನದನ್ನು ಕೇಳುವುದೇನಿದೆ ಎಂದುಕೊಂಡ. ಅತ್ತಿಗೆಯ ಚೀಟಿ ನೋಡಿ ಅಲ್ಲಲ್ಲಿ ಕಿರಿದು ಮಾಡಿ, ಹದಿನೈದು ದಿನ ಕೂತು ಕಾಲು ಮುಗಿಸಿದ. ಉಪ್ಪುಕಾಗದದಲ್ಲಿ ಉಜ್ಜಿ, ಅರಗಿನ ಎಣ್ಣೆ ಹಚ್ಚಿದ ಮೇಲೆ ಅದು ಮೈಬಣ್ಣಕ್ಕೆ ಬಂದು ಮಿರುಗುತ್ತಿತ್ತು. ಅಂಥ ಚೆಂದದ ಕಾಲು ಆ ಕಾಲುಮನೆಯಿಂದ ಹೊರಗೆ ಹೋಗಿರಲಿಲ್ಲ ಎಂದು ಪಟ್ಟಿ ಮಾಮನೂ ಒಪ್ಪಿದ. ಪಟ್ಟಿಗಳನ್ನು ಅವನೇ ಹೊಲಿದುಕೊಟ್ಟ.

ಅತ್ತಿಗೆ ಸುಳ್ಳು ಹೇಳಿ ಕಾಲು ಕೊಟ್ಟಳು. ಅಣ್ಣ ಮನೆಯಲ್ಲಿ ಎರಡು ದಿನ ಗೋಡೆ ಹಿಡಿದು ನಡೆದ. ನೋವಾಯಿತು; ಹೊಸದಲ್ಲವೇ, ಹಾಗೇ ಇರಬಹುದು ಎಂದುಕೊಂಡ. ಮೂರನೆಯ ದಿನ ಭಾನುವಾರ. ಊರುಗೋಲಿಲ್ಲದೆ ಒಂದೇ ಕೋಲು ಹಿಡಿದು ಚರ್ಚಿಗೆ ಬಂದ. ಬೆಂಚುಗಳ ನಡುವೆ ಅವನು ನಡೆದದ್ದನ್ನು ನೋಡಿ ಅಮ್ಮ ಕಣ್ಣೊರೆಸಿಕೊಂಡರು. ಹಿಂದಿನ ಸಾಲಿನಲ್ಲಿದ್ದ ತಮ್ಮನು ಅಣ್ಣನ ಪ್ರತಿ ಹೆಜ್ಜೆಯನ್ನೂ ಎಣಿಸುತ್ತಿದ್ದ. ಎರಡನೆಯ ಕೀರ್ತನೆಗೆ ಎಲ್ಲರೂ ಎದ್ದು ನಿಂತರು. ಅಣ್ಣ ಏಳಲಿಲ್ಲ. ಅತ್ತಿಗೆ ಬಗ್ಗಿ ನೋಡಿದಾಗ ಬೆಂಚಿನ ಕೆಳಗೆ ಬೂಟಿನ ಸುತ್ತ ರಕ್ತ ಇಳಿದಿತ್ತು.

ಮರುದಿನ ಬೆಳಗ್ಗೆ ಹತ್ತು ಗಂಟೆಗೆ, ಊರುಗೋಲೂರಿಕೊಂಡು, ಮರದ ಕಾಲನ್ನು ಕಂಕುಳಲ್ಲಿ ಅವುಚಿಕೊಂಡು, ಅಣ್ಣ ಕಾಲುಮನೆಯ ಬಾಗಿಲಲ್ಲಿ ನಿಂತ. ಒಳಗೆ ಬಂದವನೇ ತಮ್ಮನ ಮೇಜಿನ ಮೇಲೆ ಆ ಕಾಲನ್ನಿಟ್ಟ. ಅದರ ಮುಂಗಾಲಿನ ಮೂಳೆಯ ಮೇಲೆ ಬೆರಳಿಟ್ಟ. ಅಲ್ಲೊಂದು ಸಣ್ಣ ಉಬ್ಬಿತ್ತು. ತಮ್ಮನು ಎಂಟು ವರ್ಷದವನಿದ್ದಾಗ ಅಪ್ಪನ ಏಣಿಯಿಂದ ಬಿದ್ದು, ಮೂಳೆ ಸೀಳಿ, ಓರೆಯಾಗಿ ಕೂಡಿಕೊಂಡ ಉಬ್ಬು. ಮರದಲ್ಲಿ ಅದನ್ನು ಬಡಗಿ ತಾನೇ ಅರಿಯದೆ ಕೆತ್ತಿದ್ದ. ಅಚ್ಚಿನಲ್ಲಿದ್ದದ್ದು ಮರಕ್ಕೆ ಬಂದಿತ್ತು.

“ಇದು ನಿನ್ನ ಕಾಲು,” ಎಂದ ಅಣ್ಣ. “ನನ್ನದೆಲ್ಲಿ?”

ಎರಡು ವರ್ಷದಲ್ಲಿ ತಮ್ಮನಿಗೆ ಅವನಾಡಿದ ಮೊದಲ ಮಾತು ಅದು. ಪಟ್ಟಿ ಮಾಮ ಒಂದು ಸ್ಟೂಲನ್ನು ಕಾಲಿನಿಂದ ಅಣ್ಣನ ಕಡೆಗೆ ನೂಕಿದ. “ಕೂತ್ಕೊಳ್ಳಪ್ಪ. ನಿಂದು ಬೇಕಾದ್ರೆ ನಿಂದನ್ನೇ ಕೊಡಬೇಕು. ಜಗಳ ಕೂತೂ ಆಡಬಹುದು” ಎಂದು ಹೇಳಿ, ತೊಟ್ಟಿಗೆ ನೀರು ತುಂಬಿಸಿ, ಹೊರಗೆ ಹೋಗಿ ಬಾಗಿಲೆಳೆದುಕೊಂಡ.

ಅಣ್ಣ ಬಹಳ ಹೊತ್ತು ನಿಂತೇ ಇದ್ದ. ಆಮೇಲೆ ಕುಳಿತು, ಪ್ಯಾಂಟು ಮೇಲಕ್ಕೆತ್ತಿ, ಕಟ್ಟು ಬಿಚ್ಚಿದ. ತಮ್ಮ ಮೊದಲ ಬಾರಿಗೆ ಅದನ್ನು ನೋಡಿದ. ಮಂಡಿಯ ಕೆಳಗೆ ಸ್ನಾಯು ಇಳಿದುಹೋಗಿ ಮೂಳೆ ಚೂಪಾಗಿತ್ತು. ಒಳಬದಿಯಲ್ಲಿ ಹೊಲಿಗೆಯ ಗುರುತು ಹುರಿಯ ಹಾಗೆ ಉಬ್ಬಿತ್ತು. ತಾನು ಮಾಡಿದ ಬಟ್ಟಲು ಎಲ್ಲೆಲ್ಲಿ ಕಚ್ಚಿತ್ತೋ ಅಲ್ಲೆಲ್ಲ ಚರ್ಮ ಸುಲಿದಿತ್ತು. ತನ್ನ ಕಾಲಿಗೂ ಇದಕ್ಕೂ ಯಾವ ಸಂಬಂಧವೂ ಉಳಿದಿರಲಿಲ್ಲ. ಸುಲಿದ ಕಡೆ ಎಣ್ಣೆಬಟ್ಟೆ ಹೊದಿಸಿ, ಒದ್ದೆ ಪಟ್ಟಿಯನ್ನು ನಿಧಾನವಾಗಿ ಸುತ್ತಿದ. ಆಮೇಲೆ ಎರಡೂ ಅಂಗೈಯಲ್ಲಿ ಹಿಡಿದು, ಮಂಡಿಗೆ ಮಂಡಿ ತಾಗಿಸಿ ಕುಳಿತ.

ಮೊದಲು ಮಾತಾಡಿದವನು ಅಣ್ಣ. ಮುಖವನ್ನು ಕಿಟಕಿಯ ಕಡೆ ತಿರುಗಿಸಿಕೊಂಡೇ ಆಡಿದ.

“ನಿನ್ನನ್ನ ಕಂಡ್ರೆ ನನಗ್ಯಾಕೆ ಉರಿಯುತ್ತೆ ಗೊತ್ತಾ? ನೀನು ಹೇಡಿ ಅಂತಲ್ಲ. ಹೇಡಿ ಅಲ್ಲ ಅಂತ ನನಗೆ ಗೊತ್ತು. ನೀನು ಹೇಳಿದ್ದೇ ಸರಿ ಅಂತ ಒಂದೊಂದು ಸಲ ಅನ್ನಿಸುತ್ತೆ. ಆಗ ಆ ಎಂಟು ಜನರ ಮುಖ ಎದುರಿಗೆ ಬರುತ್ತೆ. ನೀನು ಸರಿಯಾದ್ರೆ ಅವರು ಯಾತಕ್ಕೋ ಸತ್ತಿದ್ದು?”

ಪ್ಲಾಸ್ಟರು ಕೈಯೊಳಗೆ ಬೆಚ್ಚಗಾಗತೊಡಗಿತ್ತು. ಬಡಗಿ ಬೆರಳು ಸಡಿಲಿಸುವಂತಿರಲಿಲ್ಲ.

“ಅವರು ಅಲ್ಲಿ ನಿಂತಿದ್ದಕ್ಕೇ ನಾನು ಇಲ್ಲಿ ಮರ ಕೆತ್ತುತ್ತಾ ಕೂತಿದ್ದು. ಅದು ನನಗೆ ಪ್ರತಿದಿನ ಗೊತ್ತಾಗುತ್ತೆ ಅಣ್ಣಾ” ಎಂದ. “ನಾಳೆ ಮತ್ತೆ ಕರೆದ್ರೂ ನಾನು ಹೋಗಲ್ಲ. ಅದನ್ನ ಮುಚ್ಚಿಟ್ಟು ನಿನ್ನ ಕಾಲು ಹಿಡ್ಕೊಳ್ಳೋಕೆ ನನಗಾಗಲ್ಲ.”

“ನಾನೂ ಮತ್ತೆ ಹೋಗ್ತೀನಿ. ಕಾಲಿದ್ದಿದ್ರೆ.”

“ಗೊತ್ತು.”

“ನಾನು ಒಬ್ಬನನ್ನ ಬಹಳ ಹತ್ತಿರದಿಂದ ಹೊಡೆದೆ. ಅವನ ಕತ್ತಿನಲ್ಲಿ ಶಿಲುಬೆ ಇತ್ತು. ನಮ್ಮ ಅಪ್ಪ ಮರದಲ್ಲಿ ಮಾಡಿಕೊಡ್ತಿದ್ನಲ್ಲ, ಅಂಥದ್ದೇ.” ಅಣ್ಣ ಈಗ ಮುಖ ಇತ್ತ ತಿರುಗಿಸಿದ. “ಪಾದ್ರಿಗಳಿಗೆ ಹೇಳ್ದೆ. ಕರ್ತವ್ಯ ಅಂದ್ರು. ನಿನ್ನ ಅತ್ತಿಗೆಗೆ ಹೇಳ್ದೆ, ಅತ್ತಳು. ನೀನೇನಂತೀಯ?”

ಬಡಗಿಯ ಬಳಿ ಹೇಳಲು ಏನೆಲ್ಲವೋ ಇತ್ತು. ಎರಡು ವರ್ಷದಿಂದ ಮನಸ್ಸಿನಲ್ಲೇ ಜೋಡಿಸಿಟ್ಟುಕೊಂಡಿದ್ದ ವಾದಗಳೆಲ್ಲ ಇದ್ದವು. ಅವು ಒಂದೂ ಆ ಮೋಟುಗಾಲಿನ ಅಳತೆಗೆ ಬರಲಿಲ್ಲ.

“ನನಗೆ ಗೊತ್ತಿಲ್ಲ ಅಣ್ಣಾ” ಎಂದ. “ಹೇಳು, ಕೇಳ್ತೀನಿ.”

ಅಣ್ಣ ಹೇಳಿದ. ಹತ್ತು ನಿಮಿಷ ಯಾವಾಗಲೋ ಕಳೆದಿತ್ತು. ಪ್ಲಾಸ್ಟರು ಗಟ್ಟಿಯಾಗಿ, ತಣ್ಣಗಾಗಿ, ಬೆರಳಲ್ಲಿ ಬಡಿದರೆ ಟಕ್ಕೆನ್ನುವಂತಾಗಿತ್ತು. ಬಡಗಿ ಕೈ ತೆಗೆಯಲಿಲ್ಲ. ಪಟ್ಟಿ ಮಾಮ ಎರಡು ಸಲ ಬಾಗಿಲು ತೆರೆದು ನೋಡಿ ಎರಡು ಸಲವೂ ಮುಚ್ಚಿದ.

ಎರಡನೆಯ ಕಾಲು ಮೊದಲಿನಷ್ಟು ಚೆಂದವಾಗಲಿಲ್ಲ. ಬಟ್ಟಲಿನ ಒಳಬದಿ ಓರೆಯಾಗಿತ್ತು, ಹೊಲಿಗೆಯ ಗುರುತಿಗೆ ಜಾಗ ಬಿಟ್ಟು ಒಂದು ಕಡೆ ತೋಡಿದ್ದರಿಂದ ಹೊರಗಿನ ಆಕಾರವೂ ಸೊಟ್ಟ. ಆದರೆ ಅದು ಕೂತಿತು. ವೈದ್ಯರು ಹೇಳಿದ ಮೂರು ತಿಂಗಳು ಮುಗಿಯಲು ಆರು ದಿನ ಇದ್ದಾಗ ಅಣ್ಣ ಕಾಲುಮನೆಯಲ್ಲಿ ನಡಿಗೆ ಕಲಿಯಲು ಹಾಕಿದ್ದ ಕಂಬಿಗಳ ನಡುವೆ, ಕಂಬಿ ಮುಟ್ಟದೆ, ಹನ್ನೆರಡು ಹೆಜ್ಜೆ ನಡೆದ. ಮಂಡಿ ಪೂರ್ತಿ ಚಾಚಲು ಇನ್ನೊಂದು ತಿಂಗಳು ಹಿಡಿಯಿತು. ಆ ದಿನ ನಡೆದು ತುದಿ ಮುಟ್ಟಿದವನು ತಿರುಗಿ, “ಹಿಮ್ಮಡಿ ಎತ್ತರ ಆಯ್ತು” ಎಂದ. ಬಡಗಿ ಕಾಲನ್ನು ಬಿಚ್ಚಿಕೊಂಡು ಅರ ಹಾಕಲು ಕುಳಿತ.

ಕಾಯುತ್ತ ಕುಳಿತ ಅಣ್ಣನ ಕೈಗೆ ಮೇಜಿನ ಮೇಲಿದ್ದ ಒಂದು ಅರೆಬರೆ ಪಾದ ಸಿಕ್ಕಿತು. ಯಾರದೆಂದು ಕೇಳಿದ. ಸೆರೆ ಸಿಕ್ಕ ಶತ್ರು ಸಿಪಾಯಿಯದು, ಮೂರನೆಯ ವಾರ್ಡಿನಲ್ಲಿದ್ದಾನೆ ಎಂದು ಪಟ್ಟಿ ಮಾಮ ಹೇಳಿದ. ಅಣ್ಣ ಅದನ್ನು ಕೆಳಗಿಟ್ಟುಬಿಟ್ಟ. ಅರದ ಸದ್ದು ಕೇಳುತ್ತಿತ್ತು. ಸ್ವಲ್ಪ ಹೊತ್ತಿಗೆ ಮತ್ತೆ ಕೈಗೆತ್ತಿಕೊಂಡು, ಅಡಿ ಮೇಲು ಮಾಡಿ ನೋಡಿ, ಬಡಗಿಯ ಗೊಣಗಾಟ ಗೊಣಗಿದ.

“ಹೆಬ್ಬೆರಳ ಕಡೆ ಜಾಸ್ತಿ ತೆಗೆದುಬಿಟ್ಟಿದ್ದೀಯ. ನಡೆದ್ರೆ ಒಳಕ್ಕೆ ಮಗುಚುತ್ತೆ. ಬೇರೆ ಮರ ತಗೋ.”

ಯುದ್ಧ ಮುಗಿಯಲು ಇನ್ನೂ ಹದಿನಾಲ್ಕು ತಿಂಗಳಿತ್ತು. ಅಷ್ಟೂ ದಿನ ಅಣ್ಣ ವಾರಕ್ಕೆ ಮೂರು ದಿನ ಕಾಲುಮನೆಗೆ ಬಂದು, ಕುಳಿತು ಮಾಡುವ ಕೆಲಸವೆಂದು, ಪಾದಗಳನ್ನು ಕೆತ್ತಿಕೊಟ್ಟ. ಖಡ್ಗ ಹಿಡಿಯುವುದು ಸರಿಯೇ ತಪ್ಪೇ ಎಂಬ ಅವರ ವಾದ ಒಂದು ದಿನವೂ ನಿಲ್ಲಲಿಲ್ಲ, ಒಂದು ದಿನವೂ ಮುಗಿಯಲಿಲ್ಲ. ಪಟ್ಟಿ ಮಾಮ ಕಿವಿಗೆ ಹತ್ತಿ ಇಟ್ಟುಕೊಂಡು ಪಟ್ಟಿ ಹೊಲಿಯುತ್ತಿದ್ದ.